ರಕ್ತದಲ್ಲೇ ಬಂದದ್ದು

ಫೆಬ್ರವರಿ 3

ಪ್ರೀತಿಯ ರೇಡಿಯೋಗೆ,

ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಆಮೇಲೆ ಅದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ಹೆದರಬೇಡ, ಹಳೆಯ ಕಾಯಿಲೆ ಮರಳಿ ಬಂದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಕೂತು ಓದಬಹುದು.

ಫೋನ್ ಮಾಡಿ ಮಾಡಿ ನನಗೆ ಸಾಕಾಯಿತು. ಅದು ಹೊಡೆದುಕೊಳ್ಳುತ್ತಲೇ ಇರುತ್ತದೆ, ನೀನು ಎತ್ತುವುದಿಲ್ಲ. ಸಂಜೆಗೆ "ಕೆಲಸದಲ್ಲಿದ್ದೆ" ಎಂದು ಒಂದು ಸಾಲು ಬರುತ್ತದೆ. ಬಾಯಿ ಮುಚ್ಚದ ಮಗು ಎಂದು ಮನೆಯವರೆಲ್ಲ ಸೇರಿ ರೇಡಿಯೋ ಎಂದು ಹೆಸರಿಟ್ಟದ್ದು ನಿನಗೇ. ರೈಲು ನಿಲ್ದಾಣದ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡುವವಳೂ ನೀನೇ. ಅಕ್ಕನ ಹತ್ತಿರ ಮಾತ್ರ ಮಾತಿಗೆ ಬರ. ಹೋದ ವರ್ಷ ನಾನು ಮತ್ತೆ "ನೀನು ಕೊಟ್ಟ ಜೀವ" ಎಂದಾಗ ನೀನು ಸಿಡುಕಿದ್ದು ನೆನಪಿದೆ. "ಪ್ರತಿ ಸಲ ಅದನ್ನೇ ಹೇಳ್ಬೇಡ ಅಕ್ಕಾ, ಒಂಥರಾ ಆಗುತ್ತೆ" ಅಂದಿದ್ದೆ. ಆ ಮುನಿಸು ಇನ್ನೂ ಇದ್ದರೆ ಇರಲಿ. ಪತ್ರವನ್ನಾದರೂ ಓದು.

ಚಳಿಗಾಲದ ನಡುವೆ ಒಂದು ದಿನ, ಅಂಗಡಿಯಲ್ಲಿ ಒಬ್ಬ ಅಜ್ಜಿಯ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದೆ. ಸಾಸಿವೆಗಿಂತ ಚಿಕ್ಕದು, ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಅಂದು ಸ್ಕ್ರೂ ಕೈಯಿಂದ ಜಾರಿತು. ಅಯಸ್ಕಾಂತದಿಂದ ಎತ್ತಿಕೊಂಡೆ, ಮತ್ತೆ ಜಾರಿತು. ನೋಡಿದರೆ ಬೆರಳುಗಳು ತಾವಾಗಿಯೇ ನಡುಗುತ್ತಿವೆ. ಎದೆ ಮೂರು ಮಹಡಿ ಹತ್ತಿದವರಂತೆ ಹೊಡೆದುಕೊಳ್ಳುತ್ತಿದೆ. ಅಂಗಡಿಯ ಯಜಮಾನರು ನಗುತ್ತಾ, "ಏನಮ್ಮಾ, ಕಾಫಿ ಜಾಸ್ತಿ ಆಯ್ತಾ?" ಅಂದರು. ಅಜ್ಜಿ ಮಾತ್ರ ನಗಲಿಲ್ಲ. "ನಿನ್ನ ಕೈಗೆ ಏನೋ ಆಗಿದೆ ಕಣಮ್ಮ, ತೋರಿಸ್ಕೋ" ಅಂದರು.

ಹೊಟ್ಟೆ ತುಂಬ ತಿನ್ನುತ್ತಿದ್ದೆ, ಬಟ್ಟೆಯೆಲ್ಲ ಸಡಿಲ. ನಿನ್ನ ಭಾವನಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ರಕ್ತದ ಕ್ಯಾನ್ಸರು ಮೊದಲ ಸಲ ಬಂದಾಗಲೂ ಹೀಗೇ ಇಳಿದುಹೋಗಿದ್ದೆ. ಇಬ್ಬರೂ ಆ ಮಾತು ಎತ್ತದೆ ಹವಾಮಾನದ ಬಗ್ಗೆ ಮಾತಾಡಿಕೊಂಡು ಆಸ್ಪತ್ರೆಗೆ ಹೋದೆವು. ನಮ್ಮ ಹಳೆಯ ಡಾಕ್ಟರು ಪರೀಕ್ಷೆಯ ಕಾಗದ ನೋಡಿ, "ರಕ್ತ ಅಪ್ಪಟ ಚಿನ್ನ. ಕ್ಯಾನ್ಸರಿನ ಸುಳಿವೇ ಇಲ್ಲ" ಅಂದರು. ಆಮೇಲೆ ನನ್ನನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಗ್ರಂಥಿಗಳ ಡಾಕ್ಟರು, ನಿನ್ನ ವಯಸ್ಸಿನ ಹೆಂಗಸು. ಹಿಂದೆ ನಿಂತು ನನ್ನ ಕತ್ತಿನ ಮೇಲೆ ಬೆರಳಿಟ್ಟು ನೀರು ನುಂಗಲು ಹೇಳಿದರು.

"ನಿಮ್ಮ ರಕ್ತ ನಿಮ್ಮ ಥೈರಾಯ್ಡನ್ನ ಹೊರಗಿನದು ಅಂದ್ಕೊಂಡಿದೆ" ಅಂದರು. "ಅದನ್ನ ಕೆರೀತಾ ಇದೆ. ಗ್ರಂಥಿ ಒಡೆದು, ಒಳಗೆ ಕೂಡಿಟ್ಟಿದ್ದೆಲ್ಲ ಒಟ್ಟಿಗೇ ಚೆಲ್ತಿದೆ. ಅದಕ್ಕೇ ಈ ಓಟ. ಖಾಲಿ ಆದ ಮೇಲೆ ಎಲ್ಲ ನಿಧಾನ ಆಗುತ್ತೆ, ಆಗ ದಿನಾ ಒಂದು ಮಾತ್ರೆ ಶುರು ಮಾಡೋಣ."

"ಯಾಕೆ ಹೀಗಾಯ್ತು?"

"ಕ್ಯಾನ್ಸರಿಗೆ ಕೊಟ್ಟ ಕಿರಣದಿಂದ ಇರಬಹುದು, ಔಷಧಿಯಿಂದ ಇರಬಹುದು. ಇನ್ನೊಂದು ಸಾಧ್ಯತೆನೂ ಇದೆ. ಈಗ ನಿಮ್ಮ ಮೈಯಲ್ಲಿ ಓಡ್ತಿರೋದು ನಿಮ್ಮದೇ ರಕ್ತ ಅಲ್ವಲ್ಲ. ರಕ್ತ ಹುಟ್ಟಿಸೋ ಮೂಳೆ ಮಜ್ಜೆ ಕೊಟ್ಟೋರು ಯಾರು?"

"ನನ್ನ ತಂಗಿ."

"ಅವರಿಗೆ ಥೈರಾಯ್ಡ್ ಏನಾದ್ರೂ ಇದೆಯಾ?"

ತಂಗಿಯನ್ನು ಅಡಿಯಿಂದ ಮುಡಿಯವರೆಗೆ ಬಲ್ಲೆ ಎಂದು ಹೇಳಿಕೊಂಡು ತಿರುಗುವವಳು ನಾನು. ಗೊತ್ತಿಲ್ಲ ಅಂದೆ. ನಿನಗೆ ಹೇಗಿದೆ? ಅಷ್ಟನ್ನು ಬರೆದರೆ ಸಾಕು.

ನಿನ್ನ ಅಕ್ಕ


ಫೆಬ್ರವರಿ 26

ರೇಡಿಯೋ,

ಉತ್ತರವಿಲ್ಲ. ಅಂಚೆಯವನನ್ನು ಕಂಡರೆ ನಾನು ಬಾಗಿಲಿಗೆ ಓಡುವುದನ್ನು ನೋಡಿ ಭಾವ, "ಮದುವೆಗೆ ಮುಂಚೆ ನನ್ನ ಕಾಗದಕ್ಕೂ ಹೀಗೆ ಓಡ್ಲಿಲ್ಲ ನೀನು" ಎಂದು ಕಾಡುತ್ತಾರೆ.

ಒಂದು ತಮಾಷೆ ಕೇಳು. ನಿನ್ನೆ ಅಂಗಡಿಯ ಅಟ್ಟದಲ್ಲಿ ಹಳೆಯ ವೃತ್ತಪತ್ರಿಕೆಗಳ ಕಟ್ಟು ಬಿಚ್ಚಿದೆ. ಸೀನು ಶುರುವಾದದ್ದು ನಿಲ್ಲಲೇ ಇಲ್ಲ. ಹಳೆಯ ಕಾಗದದ ಧೂಳಿಗೆ ಸೀನುತ್ತಿದ್ದದ್ದು ನಮ್ಮ ಮನೆಯಲ್ಲಿ ನೀನೊಬ್ಬಳೇ. ನನ್ನ ರಕ್ತದ ಗುಂಪು ಬದಲಾಗಿ ನಿನ್ನದಾಯಿತು ಎಂದಾಗ ನಾವು ನಕ್ಕಿದ್ದೆವು. ಈಗ ನಿನ್ನ ಸೀನೂ ಬಂದಿದೆ. ಮೂಗು ಒರೆಸಿಕೊಳ್ಳುತ್ತಾ ನನಗೆ ಮೈ ಜುಮ್ಮೆಂದಿತು. ನನ್ನ ಮಜ್ಜೆಯನ್ನು ಪೂರಾ ಬರಿದು ಮಾಡಿ ನಿನ್ನದನ್ನು ಸುರಿದರು. ಅದು ಬಂದು ಮೂಳೆಯೊಳಗೆ ತನ್ನ ಜಾಗ ತಾನೇ ಹುಡುಕಿಕೊಂಡಿತು. ಬರುವಾಗ ನಿನ್ನ ಸ್ವಭಾವವನ್ನೂ ಗಂಟು ಕಟ್ಟಿಕೊಂಡು ಬಂದಿತೇ?

ಕೋಪವಿದ್ದರೆ ಬೈದಾದರೂ ಬರೆ.

ಅಕ್ಕ


ಮಾರ್ಚ್ 12

ಅಕ್ಕನಿಗೆ,

ತಡವಾಯಿತು. ಬರೆಯಬೇಕು ಎಂದು ಕೂತವಳು ಎಷ್ಟೋ ಸಲ ಅಲ್ಲೇ ಮೇಜಿನ ಮೇಲೆ ನಿದ್ದೆ ಹೋದೆ. ಕೋಪ ಗೀಪ ಏನೂ ಇಲ್ಲ. ನನಗೆ ಥೈರಾಯ್ಡ್ ಮಣ್ಣು ಮಸಿ ಏನೂ ಇಲ್ಲ. ಆರಾಮಾಗಿದ್ದೇನೆ, ಸ್ವಲ್ಪ ದಪ್ಪವಾಗಿದ್ದೇನೆ ಅಷ್ಟೆ.

ಈಗ ನಾನು ಮೈಕಿನಲ್ಲಿಲ್ಲ. ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ್ದಾರೆ. ನನಗೂ ಬದಲಾವಣೆ ಬೇಕಿತ್ತು. ಚೆನ್ನಾಗಿದೆ ಇಲ್ಲಿ. ಕೊಡೆಗಳದೇ ಒಂದು ಕಾಡು. ಒಂಟಿ ಬೂಟುಗಳು, ಒಂದು ಪಿಟೀಲು, ಡಬ್ಬಿಯಲ್ಲಿ ಯಾರದೋ ಹಲ್ಲಿನ ಸೆಟ್ಟು. ಹಲ್ಲು ಮರೆತು ಹೋದವರು ಮನೆಯಲ್ಲಿ ಊಟಕ್ಕೆ ಏನು ಮಾಡಿದರೋ! ಕೋಣೆ ನೆಲಮಾಳಿಗೆಯಲ್ಲಿದೆ, ತಂಪು. ಸ್ವೆಟರು, ಅದರ ಮೇಲೊಂದು ಶಾಲು ಹೊದ್ದು ಕೂರುತ್ತೇನೆ. ಜೊತೆಗಿರುವ ಗುಮಾಸ್ತ ಅಂಗಿಯ ತೋಳು ಮಡಿಚಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿರುತ್ತಾನೆ, ವಿಚಿತ್ರ ಮನುಷ್ಯ.

ನೀನು ಹುಷಾರು. ಮಾತ್ರೆ ತಪ್ಪಿಸಬೇಡ. ಇನ್ನು ಬರೆಯಲು ಕೈ ಸೋತಿದೆ.

ರೇಡಿಯೋ


ಮಾರ್ಚ್ 19

ನನ್ನ ಪುಟ್ಟ ಕತ್ತೆಯೇ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಪುಟ ತುಂಬ ಇದ್ದ ನಿನ್ನ ಇರುವೆ ಸಾಲಿನ ಅಕ್ಷರ ಎಲ್ಲಿ ಹೋಯಿತು? ಒಂದೊಂದು ಅಕ್ಷರವೂ ಊದಿಕೊಂಡು ಕೂತಿದೆ.

ನನಗೆ ಡಾಕ್ಟರು ಹೇಳಿದಂತೆಯೇ ಆಯಿತು. ಓಟ ನಿಂತು ನಿಧಾನ ಶುರುವಾಗಿದೆ. ಹೋದ ವಾರ ಅಂಗಡಿಯಲ್ಲಿ ಎಲ್ಲರೂ ಸೆಖೆ ಎನ್ನುತ್ತಿದ್ದರೆ ನಾನು ಶಾಲು ಹುಡುಕುತ್ತಿದ್ದೆ. ಗಿರಾಕಿ ಕೇಳಿದ ಪ್ರಶ್ನೆ ಕಿವಿಗೆ ಬಿದ್ದು ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವರು ಇನ್ನೊಂದು ಕೇಳಿಯಾಗಿರುತ್ತದೆ. ಬಾಚಣಿಗೆಯ ತುಂಬ ಕೂದಲು. ಆ ಹೊತ್ತಿನಲ್ಲೇ ನಿನ್ನ ಪತ್ರ ಬಂತು. ಮೇಜಿನ ಮೇಲೆ ನಿದ್ದೆ, ಸ್ವೆಟರಿನ ಮೇಲೆ ಶಾಲು, ಬೀಸಣಿಗೆ ಬೀಸಿಕೊಳ್ಳುವ ಗುಮಾಸ್ತ. ಅವನು ವಿಚಿತ್ರ ಮನುಷ್ಯನಲ್ಲ ಕಣೇ, ಅವನಿಗೆ ಸೆಖೆಯಾಗಿದೆ! ನಿನ್ನ ಪತ್ರದಲ್ಲಿ ನನಗೆ ನಾನೇ ಕಂಡೆ.

ನನಗೆ ಇದು ತಿಂಗಳಲ್ಲಿ ಬಂದದ್ದು, ಕೂಡಲೇ ಮಾತ್ರೆ ಸಿಕ್ಕಿತು. ನಿನಗೆ ಎಷ್ಟು ವರ್ಷದಿಂದ?

ನಿನ್ನನ್ನು ಮೈಕಿನಿಂದ ತೆಗೆದದ್ದೇಕೆ? ಸುಳ್ಳು ಹೇಳದೆ ಬರೆ. ಇಲ್ಲದಿದ್ದರೆ ಚೀಲ ಹಿಡಿದು ನಾನೇ ಬರುತ್ತೇನೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ಸರಿ.

ಧ್ವನಿ ಹೋಯಿತು. ಒಂದೇ ದಿನಕ್ಕಲ್ಲ. ಮೊದಲು ಸ್ವಲ್ಪ ಒರಟಾಯಿತು, ಆಮೇಲೆ ದಪ್ಪವಾಯಿತು. ನಾಲಿಗೆ ಬಾಯಿತುಂಬ ಆದಂತೆ, ಊರಿನ ಹೆಸರುಗಳು ಒಂದರೊಳಗೊಂದು ಮೆತ್ತಿಕೊಂಡವು. ಕುಡಿದು ಬಂದವರು ಮೈಕ್ ಹಿಡಿದಿದ್ದಾರೆ ಎಂದು ಯಾರೋ ದೂರು ಕೊಟ್ಟರು. ಮೇಲಧಿಕಾರಿ ಒಳ್ಳೆಯವರು, "ಸ್ವಲ್ಪ ದಿನ ಗಂಟಲಿಗೆ ರೆಸ್ಟ್ ಕೊಡಮ್ಮಾ" ಎಂದು ನೆಲಮಾಳಿಗೆಗೆ ಕಳಿಸಿದರು. ನಿನ್ನ ಫೋನ್ ಎತ್ತದಿದ್ದುದು ಅದಕ್ಕೇ. ಒಂದು ಹಲೋಗೆ ನಿನಗೆಲ್ಲ ಗೊತ್ತಾಗಿಬಿಡುತ್ತಿತ್ತು.

ಒಬ್ಬ ಡಾಕ್ಟರಿಗೆ ತೋರಿಸಿದೆ. "ಮನಸ್ಸಿಗೆ ತುಂಬ ಹಚ್ಕೊಂಡಿದೀರಿ" ಎಂದು ಟಾನಿಕ್ ಬರೆದುಕೊಟ್ಟರು.

ಬರೆಯಲು ಕಷ್ಟವಾಗುವುದು ಮುಂದಿನದು. ಇದೆಲ್ಲ ಶುರುವಾದದ್ದು ನಿನಗೆ ಮಜ್ಜೆ ಕೊಟ್ಟ ಮೇಲೆ. ಆಗಿಂದಾಗಲೇ ಅಲ್ಲ, ಒಂದೆರಡು ವರ್ಷದ ಮೇಲೆ. ಆದರೂ ನನ್ನ ತಲೆಯಲ್ಲಿ ಅದೇ ಕೂತಿತು. ಸೊಂಟದ ಮೂಳೆಯಿಂದ ತೆಗೆದದ್ದು ನನ್ನೊಳಗೆ ಮತ್ತೆ ತುಂಬಲೇ ಇಲ್ಲ, ಒಳಗೆ ಪೊಳ್ಳಾಗಿಬಿಟ್ಟಿದ್ದೇನೆ ಅನ್ನಿಸುತ್ತಿತ್ತು. ನೀನು "ಜೀವ ಕೊಟ್ಟೆ" ಎಂದಾಗಲೆಲ್ಲ, ಹೌದು, ನನ್ನದನ್ನೇ ಕೊಟ್ಟುಬಿಟ್ಟೆನೇನೋ ಅನ್ನಿಸಿ ಭಯವಾಗುತ್ತಿತ್ತು. ಕೊಟ್ಟದ್ದಕ್ಕೆ ಬೇಸರವಿಲ್ಲ, ಅದನ್ನು ನಂಬು. ಆದರೆ ನಿನಗೆ ಹೇಗೆ ಹೇಳಲಿ? ಹೇಳಿದರೆ ನೀನು ಬದುಕಿರುವುದಕ್ಕೇ ನನ್ನ ಕ್ಷಮೆ ಕೇಳುವವಳು. ಅದಕ್ಕಿಂತ ಮುನಿಸಿಕೊಂಡ ತಂಗಿಯಾಗಿರುವುದೇ ಸುಲಭವಾಗಿತ್ತು.

ಮತ್ತೆ ಓದಿ ನೋಡಿದರೆ ಹರಿದುಹಾಕುತ್ತೇನೆ. ಹಾಗೇ ಅಂಚೆಗೆ ಹಾಕುತ್ತಿದ್ದೇನೆ.

ರೇಡಿಯೋ


ಏಪ್ರಿಲ್ 11

ರೀ,

ಫೋನಿನಲ್ಲಿ ಎಲ್ಲ ಹೇಳಲಾಗುತ್ತಿಲ್ಲ, ಅವಳು ಪಕ್ಕದ ಮಂಚದಲ್ಲೇ ಇರುತ್ತಾಳೆ. ಈಗ ನಿದ್ದೆ ಮಾಡುತ್ತಿದ್ದಾಳೆ. ಆಸ್ಪತ್ರೆಯ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಬಂದ ದಿನ ಅವಳು ಬಾಗಿಲು ತೆರೆದಾಗ ಮನೆ ತಪ್ಪಿ ಬಂದೆ ಅಂದುಕೊಂಡೆ. ಮುಖ ಊದಿ ಕಣ್ಣು ಗೆರೆಯಾಗಿವೆ. ಹುಬ್ಬಿನ ಕೊನೆಯ ಕೂದಲು ಉದುರಿಹೋಗಿದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಬಾ ಅಕ್ಕಾ" ಅಂದಳು. ಯಾರದೋ ಗಂಟಲು. ನನ್ನ ಮುಖ ನೋಡಿ ಅವಳೇ, "ರೇಡಿಯೋದ ಬ್ಯಾಟ್ರಿ ಹೋಗಿದೆ" ಎಂದು ನಗಲು ನೋಡಿದಳು. ಆ ನಗೆ ತುಟಿಗೆ ಬರುವುದಕ್ಕೂ ಹೊತ್ತು ಹಿಡಿಯಿತು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು.

ಇಲ್ಲಿನ ಡಾಕ್ಟರು ವಯಸ್ಸಾದವರು. ಅವಳ ಮೊಣಕಾಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಾಲು ಮುಂದೆ ಚಿಮ್ಮಿತು, ಆದರೆ ಹಿಂದೆ ಬರುವಾಗ ನೀರಿನೊಳಗೆ ಇಳಿಯುವ ಎಲೆಯಂತೆ ನಿಧಾನವಾಗಿ ಬಂತು. ಡಾಕ್ಟರು ಸುತ್ತಿಗೆ ಕೆಳಗಿಟ್ಟು, ರಕ್ತ ತೆಗೆಸಿದರು, ಎದೆಯ ಸ್ಕ್ಯಾನ್ ಮಾಡಿಸಿದರು. ಹೃದಯದ ಸುತ್ತ ನೀರು ತುಂಬಿಕೊಂಡಿದೆಯಂತೆ ರೀ. ಥೈರಾಯ್ಡ್ ಪೂರಾ ಸತ್ತಂತೆಯೇ ಇದೆ. "ಇನ್ನೂ ಸ್ವಲ್ಪ ಕಾಲ ಹೀಗೇ ಬಿಟ್ಟಿದ್ರೆ ಒಂದಿನ ನಿದ್ದೆಯಿಂದ ಏಳ್ತಿರ್ಲಿಲ್ಲ" ಅಂದರು. ಆಮೇಲೆ, "ಇಷ್ಟು ವರ್ಷ ಯಾರೂ ಹಿಡೀಲಿಲ್ಲ, ಈಗ ಪರೀಕ್ಷೆ ಮಾಡಿಸಿ ಅಂದೋರು ಯಾರು?" ಎಂದು ಕೇಳಿದರು.

ನನ್ನ ಕಥೆ ಹೇಳಿದೆ. ಅವರು ಹೋಗಲು ಎದ್ದವರು ಮತ್ತೆ ಕೂತರು. ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿದರು.

"ಅಂದ್ರೆ, ಇವರ ಕಾಯಿಲೆ ನಿಮ್ಮ ಮೈಯಲ್ಲಿ ಸಿಕ್ತು" ಅಂದರು. "ಓದಿದ್ದೆ. ಇಷ್ಟು ವರ್ಷದಲ್ಲಿ ಕಣ್ಣಾರೆ ನೋಡ್ತಿರೋದು ಇದೇ ಮೊದಲು."

ನನ್ನ ಎದೆಯಲ್ಲಿ ಕೂತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಮಜ್ಜೆ ತೆಗೆದಿದ್ದಕ್ಕೇ ಇವಳಿಗೆ ಹೀಗಾಯ್ತಾ ಡಾಕ್ಟ್ರೇ?"

"ಇಲ್ಲಮ್ಮಾ. ತೆಗೆದ ಮಜ್ಜೆ ಬೇಗನೇ ತುಂಬ್ಕೊಳ್ಳುತ್ತೆ. ಈ ಗುಣ ಅದಕ್ಕೂ ಮುಂಚೆನೇ ಇವರ ರಕ್ತದಲ್ಲಿ ಇದ್ದಿರ್ಬೇಕು. ಇಲ್ದಿದ್ರೆ ನಿಮಗೆಲ್ಲಿಂದ ಬರ್ತಿತ್ತು? ನಿಮಗೆ ಬಂದಿರೋದೇ ಅದಕ್ಕೆ ಸಾಕ್ಷಿ."

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಭುಜ ಅಲುಗುತ್ತಿತ್ತು. ನಾನು ಶಾಲು ಎಳೆದು ಹೊದಿಸಿದೆ. ಏನನ್ನು ಇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತು, ನಿಮಗೆ ಬಂದ ಮೇಲೆ ಹೇಳುತ್ತೇನೆ.

ಮಾತ್ರೆ ಶುರುವಾಗಿದೆ. ಹೃದಯಕ್ಕೆ ಭಾರವಾಗಬಾರದು ಎಂದು ಮೊದಲು ಚೂರೇ ಚೂರು. ನಾನು ಇನ್ನೂ ಕೆಲವು ದಿನ ಇಲ್ಲೇ ಇರುತ್ತೇನೆ. ಅಂಗಡಿಯ ಯಜಮಾನರಿಗೆ ಹೇಳಿಬಿಡಿ. ಗಿಡಗಳಿಗೆ ನೀರು ಹಾಕಿ, ಮರೆತರೆ ಅವೇ ನನಗೆ ದೂರು ಬರೆಯುತ್ತವೆ.

ನಿಮ್ಮವಳು


ಜೂನ್ 15

ಅಕ್ಕಾ,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಈಗ ಪರವಾಗಿಲ್ಲ. ಹೃದಯದ ಸುತ್ತಲಿನ ನೀರು ಇಳಿಯುತ್ತಿದೆ ಎಂದು ಡಾಕ್ಟರು ಸ್ಕ್ಯಾನಿನಲ್ಲಿ ತೋರಿಸಿದರು. ಹೊಡೆದುಕೊಳ್ಳುತ್ತಿದ್ದ ಆ ಮುದ್ದೆ ನನ್ನದೇ ಎಂದು ನಂಬಲು ಹೊತ್ತು ಹಿಡಿಯಿತು. ಪಾಪ, ನೀರಿನಲ್ಲಿ ಮುಳುಗಿಕೊಂಡೇ ಇಷ್ಟು ವರ್ಷ ನನ್ನನ್ನು ಎಳೆದಿದೆ.

ಹೇಗೆ ಹೇಳಲಿ, ಲೋಕಕ್ಕೆ ವೇಗ ಬಂದಿದೆ. ಮೊನ್ನೆ ಒಬ್ಬರು ಬಂದು, "ಒಂದು ಕಪ್ಪು ಕೊಡೆ, ಹಿಡಿ…" ಎನ್ನುವಷ್ಟರಲ್ಲಿ ನಾನು "ಹಿಡಿ ಮುರಿದದ್ದು ತಾನೇ?" ಎಂದು ಕೈಗೆ ಕೊಟ್ಟೆ. ಗುಮಾಸ್ತ ಬೀಸಣಿಗೆ ನಿಲ್ಲಿಸಿ ನನ್ನನ್ನೇ ನೋಡಿದ. ಸೋಮಾರಿತನ ಎಂದುಕೊಂಡಿದ್ದೆ, ವಯಸ್ಸು ಎಂದುಕೊಂಡಿದ್ದೆ, ನನ್ನ ಹಣೆಬರಹವೇ ಇಷ್ಟು ಎಂದುಕೊಂಡಿದ್ದೆ. ಕತ್ತಿನಲ್ಲಿ ಚಿಟ್ಟೆಯಷ್ಟಿರುವ ಒಂದು ಗ್ರಂಥಿ ಸುಮ್ಮನಾದರೆ ಮನುಷ್ಯರ ನಗು, ನೆನಪು, ಬೆವರು ಎಲ್ಲ ಸುಮ್ಮನಾಗುತ್ತವೆ ಎಂದರೆ ನಾವು ಎಂಥ ಸಣ್ಣ ಎಳೆಯ ಮೇಲೆ ನೇತಾಡುತ್ತಿದ್ದೇವೆ!

ಆದರೆ ಬುದ್ಧಿ ಚುರುಕಾದಂತೆ ಒಂದು ಯೋಚನೆಯೂ ಚುರುಕಾಗಿದೆ. ನನ್ನಿಂದ ನೀನು ಏನನ್ನೂ ಕಿತ್ತುಕೊಳ್ಳಲಿಲ್ಲ. ಸರಿ. ನಾನೇ ನಿನಗೆ ಕಾಯಿಲೆ ಕೊಟ್ಟೆ. ಸಾಯುವವರೆಗೂ ಮಾತ್ರೆ ನುಂಗುವಂತೆ ಮಾಡಿದೆ.

ರೇಡಿಯೋ


ಜೂನ್ 21

ಹುಚ್ಚಿ,

ಕೊಡುವಾಗ ಕಲ್ಲು ಆರಿಸಿ ಕೊಡಲು ಅದೇನು ಅಕ್ಕಿಯೇ?

ನಿನ್ನ ಮಜ್ಜೆಯನ್ನು ನನಗೆ ಹಾಕಿದ ದಿನ ನೀನು ಮಂಪರಿನಲ್ಲಿದ್ದೆ, ನೋಡಿಲ್ಲ. ಅಂದು ನರ್ಸು ಒಂದು ಚೀಲ ತಂದು ಕಂಬಕ್ಕೆ ತೂಗುಹಾಕಿದರು. ಕಡುಗೆಂಪು, ಅಂಗೈಯಗಲ. "ಇಷ್ಟೇನಾ?" ಅಂದೆ. "ಇಷ್ಟೇ. ಇದೇ ಬೆಳ್ಕೊಳ್ಳುತ್ತೆ" ಅಂದರು. ನನ್ನೊಳಗೆ ಆಗ ಏನೂ ಉಳಿದಿರಲಿಲ್ಲ. ಕಿರಣ ಹಾಯಿಸಿ, ಔಷಧಿ ಹಾಕಿ ಎಲ್ಲವನ್ನೂ ತೊಳೆದುಬಿಟ್ಟಿದ್ದರು. ಒಂದು ನೆಗಡಿ ಬಂದರೂ ನಾನು ಹೋಗುವವಳು. ಹನಿ ಹನಿಯಾಗಿ ನೀನು ಬಂದೆ. ಆ ಚೀಲದ ಮೇಲೆ ಇದು ಬೇಕು, ಇದು ಬೇಡ ಎಂದು ಬರೆದಿರಲಿಲ್ಲ. ನಿನ್ನ ಗುಂಪು, ನಿನ್ನ ಸೀನು, ನಿನ್ನ ಥೈರಾಯ್ಡಿನ ಜಗಳ, ಅದರ ಜೊತೆಗೆ ನನ್ನ ಈ ವರ್ಷಗಳೆಲ್ಲ ಒಟ್ಟಿಗೇ ಬಂದವು. ನಾನು ಪೂರ್ತಿ ತೆಗೆದುಕೊಂಡಿದ್ದೇನೆ, ಒಂದು ಹನಿಯನ್ನೂ ವಾಪಸು ಕೊಡುವುದಿಲ್ಲ.

ಇನ್ನೊಂದು ಮಾತು. ಆ ಜಗಳಗಂಟಿ ಗುಣ ನನ್ನಲ್ಲಿಗೆ ಬಾರದೆ ಇದ್ದಿದ್ದರೆ, ನಿನ್ನ ನೆಲಮಾಳಿಗೆಯಲ್ಲಿ ನೀನು ಶಾಲು ಹೊದ್ದು ಮಲಗಿಬಿಡುತ್ತಿದ್ದೆ. ನಮಗ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಯೋಚಿಸಲು ಹೊರಟರೆ ನನಗೆ ಕೈಲಿದ್ದ ಕೆಲಸ ನಿಂತುಹೋಗುತ್ತದೆ. ನಿನ್ನೆ ಯಜಮಾನರು, "ಗಾಜು ಹಿಡ್ಕೊಂಡು ಯಾವ ಲೋಕದಲ್ಲಿದೀಯಮ್ಮಾ?" ಅಂದರು. ಹೇಳಲು ಹೋದರೆ ಒಂದು ಮಧ್ಯಾಹ್ನ ಬೇಕು, ಸುಮ್ಮನೆ ನಕ್ಕೆ.

ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನಾನೂ ಮಾತ್ರೆ ನುಂಗುತ್ತೇನೆ, ಅಲ್ಲಿ ನೀನೂ ನುಂಗುತ್ತೀಯ. ಮುಖ ಸಿಂಡರಿಸಬೇಡ.

ಅಕ್ಕ


ಆಗಸ್ಟ್ 30

ಅಕ್ಕಾ,

ಇವತ್ತು ಮೇಲಧಿಕಾರಿ ನನ್ನನ್ನು ಕರೆಸಿ, "ಒಂದ್ಸಲ ಓದು ನೋಡೋಣ" ಎಂದು ಮೈಕಿನ ಮುಂದೆ ಕೂರಿಸಿದರು. ಮೊದಲ ಸಾಲಿಗೆ ಗಂಟಲು ಸ್ವಲ್ಪ ಎಳೆಯಿತು, ಎರಡನೆಯದಕ್ಕೆ ಬಿಟ್ಟುಕೊಟ್ಟಿತು. ಊರಿನ ಹೆಸರುಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬಂದವು. ಹೊರಗೆ ಬಂದರೆ ಹಣ್ಣು ಮಾರುವವಳು ತಕ್ಕಡಿ ಕೆಳಗಿಟ್ಟು, "ಎಲ್ಲಿ ಹೋಗಿದ್ರಿ ಇಷ್ಟು ದಿನ? ನೀವಿಲ್ದೆ ನಮ್ಮ ಯಜಮಾನ್ರು ರೈಲು ತಪ್ಪಿಸ್ಕೋತಿದ್ರು" ಅಂದಳು. ನನ್ನನ್ನು ಎಂದೂ ಕಂಡವಳಲ್ಲ. ನಾನು ಜೊತೆಗಿದ್ದ ಗೆಳತಿಯ ಹತ್ತಿರ ಮಾತಾಡುತ್ತಿದ್ದದ್ದನ್ನು ಕೇಳಿಯೇ ಗುರುತು ಹಿಡಿದಳು.

ಮೊದಲಿನ ಧ್ವನಿಯಲ್ಲ ಅಕ್ಕಾ. ಒಂದು ಸುತ್ತು ಕೆಳಗಿಳಿದಿದೆ. ಇದೂ ಇರಲಿ ಅನ್ನಿಸಿತು.

ನಿನ್ನ ಡಾಕ್ಟರು ನನ್ನ ರಕ್ತದ ಸ್ಯಾಂಪಲ್ ಕೇಳಿದ್ದಾರೆ ಎಂದು ಬರೆದಿದ್ದೆಯಲ್ಲ, ಬರುತ್ತೇನೆ. ರಜೆ ಸಿಕ್ಕಿದೆ. ಭಾವನಿಗೆ ಹೇಳು, ಅವರ ಅಡುಗೆ ಬೇಡ, ಹೊರಗೆ ಉಣ್ಣೋಣ.

ರೇಡಿಯೋ


ಅಕ್ಟೋಬರ್ 9

ರೇಡಿಯೋ,

ನೀನು ರೈಲು ಹತ್ತಿದ ಮೇಲೆ ಹೇಳಬೇಕಾದದ್ದು ಎಷ್ಟೋ ಉಳಿಯಿತು. ಫೋನಿನಲ್ಲಿ ಈಗ ನೀನು ನನಗೆ ಬಾಯಿ ಬಿಡಲು ಎಡೆಯೇ ಕೊಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪರೀಕ್ಷೆಯ ಫಲಿತಾಂಶ ಬಂತು. ನಿನ್ನ ರಕ್ತ, ನನ್ನ ರಕ್ತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ನನ್ನದರಲ್ಲಿ ನನ್ನದು ಎಂಬುದು ಒಂದಿಷ್ಟೂ ಇಲ್ಲ, ಪೂರಾ ನಿನ್ನದೇ. ಡಾಕ್ಟರು ಇದನ್ನು ಒಳ್ಳೆಯ ಸುದ್ದಿ ಎಂದು ಕೈ ಕುಲುಕಿದರು. ನಾನು ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಅದೇ ಮೂಗು, ಅದೇ ಮಚ್ಚೆ.

ಅಂದು ಪ್ರಯೋಗಾಲಯದಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಲ್ಯಾಬಿನ ಹೆಂಗಸು ನಮ್ಮ ಕಥೆ ಕೇಳಿ, "ನೋಡ್ತೀರಾ?" ಎಂದು ನನ್ನ ರಕ್ತ ಸವರಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರಲ್ಲ. ಮಸುಕು ಮಸುಕಾಗಿ ನೂರಾರು ಕೆಂಪು ಬಿಲ್ಲೆಗಳು. ನಡುವೆ ಒಂದೇ ಒಂದು ದುಂಡನೆಯದು, ನೇರಳೆ ಬಣ್ಣ, ಸುಮ್ಮನೆ ಕೂತಿತ್ತು.

"ಇದೇನಾ ನನ್ನ ಥೈರಾಯ್ಡ್ ತಿಂದಿದ್ದು?" ಎಂದು ಕೇಳಿದೆ.

"ಇಂಥ ಬಿಳಿ ರಕ್ತಕಣನೇ, ಕಾಣ್ಲಿ ಅಂತ ಬಣ್ಣ ಹಾಕಿದೀವಿ" ಅಂದರು ಆಕೆ. "ಕ್ಯಾನ್ಸರು ಮತ್ತೆ ತಲೆ ಎತ್ತದ ಹಾಗೆ ಕಾಯ್ತಾ ಇರೋದೂ ಇಂಥದ್ದೇ. ಅದಕ್ಕೆ ಕಾಯೋದೊಂದೇ ಗೊತ್ತು ನೋಡಿ. ಒಂದೊಂದ್ಸಲ ಮನೆಯವರನ್ನೇ ಕಳ್ಳರು ಅಂದ್ಕೊಳ್ಳುತ್ತೆ."

ಆಮೇಲೆ ನೀನು ಬಗ್ಗಿ ನೋಡಿದೆ. ತುಂಬ ಹೊತ್ತು ನೋಡಿದೆ. "ಎಷ್ಟು ಚಿಕ್ಕದು" ಎಂದಷ್ಟೇ ಅಂದೆ, ಅದೂ ಪಿಸುಮಾತಿನಲ್ಲಿ, ಅದಕ್ಕೆ ಕೇಳಿಸಿಬಿಡುತ್ತದೆ ಎಂಬಂತೆ.

ಆಕೆ ಗಾಜು ತೆಗೆದು ತಟ್ಟೆಗೆ ಹಾಕಿ ಇನ್ಯಾರದೋ ಗಾಜನ್ನು ಇಟ್ಟರು. ನಮ್ಮ ಕೆಲಸ ಮುಗಿದಿತ್ತು. ಆದರೂ ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು, ಮಗುವನ್ನು ಮೊದಲ ದಿನ ಶಾಲೆಯಲ್ಲಿ ಬಿಟ್ಟವರ ಹಾಗೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ, ಆ ತಟ್ಟೆಯನ್ನೇ ನೋಡುತ್ತಾ.

ನಿನ್ನ ಅಕ್ಕ